ಹಲಸಿನ ಬ್ಲಾಕಿನ ನೂರ ಅರವತ್ತು ಗಿಡ

ಬಾಳೂರು ಕಡೆಯ ತೋಟಗಳಲ್ಲಿ ಮುತ್ತಮ್ಮನ ಬಲಗೈಗೆ ಒಂದು ಹೆಸರಿತ್ತು. ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ ಸೇರಿಕೊಂಡು ಅದನ್ನು ಒಳಗಿನಿಂದಲೇ ತಿಂದು ಮುಗಿಸುವ ಬಿಳಿ ಹುಳಕ್ಕೆ ತೋಟದವರು ಬೋರರ್ ಎನ್ನುತ್ತಾರೆ. ಹುಳ ಹೊಕ್ಕ ಗಿಡ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಅದಕ್ಕಾಗಿಯೇ ವರ್ಷಕ್ಕೆರಡು ಬಾರಿ, ಹುಳ ದುಂಬಿಯಾಗಿ ಹೊರಬಂದು ಹಾರುವ ಮುನ್ನ, ಹೆಂಗಸರ ಗ್ಯಾಂಗು ಸಾಲು ಹಿಡಿದು ಒಂದೊಂದು ಗಿಡವನ್ನೂ ಪರೀಕ್ಷಿಸುತ್ತ ಹೋಗುತ್ತದೆ. ಹುಳ ಓಡಾಡಿದ ದಾರಿ ತೊಗಟೆಯ ಮೇಲೆ ನವಿರಾದ ಏಣಿನಂತೆ ಉಬ್ಬಿರುತ್ತದೆ. ಉಳಿದವರು ಅದನ್ನು ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರೆ ಮುತ್ತಮ್ಮ ಗಿಡದ ಕಡೆ ನೋಡುತ್ತಲೇ ಇರಲಿಲ್ಲ. ಯಾರದೋ ಮದುವೆಯ ಸುದ್ದಿ ಹೇಳುತ್ತ ಅಂಗೈಯನ್ನು ಕಾಂಡದ ಮೇಲಿಂದ ಕೆಳಕ್ಕೆ ಜಾರಿಸುತ್ತಿದ್ದಳು. ಮಾತು ನಿಂತಿತೆಂದರೆ ಹುಳ ಸಿಕ್ಕಿತೆಂದು ಅರ್ಥ. ಸೊಂಟದಿಂದ ಒಂದು ಕೆಂಪು ಬಟ್ಟೆಯ ಪಟ್ಟಿ ಎಳೆದು ಗಿಡಕ್ಕೆ ಕಟ್ಟಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡು ಮುಂದೆ ಹೋಗುವಳು. ಹಿಂದಿನಿಂದ ಬರುವ ಗಂಡಾಳುಗಳು ಪಟ್ಟಿ ಕಂಡ ಗಿಡವನ್ನು ಬೇರುಸಹಿತ ಕಿತ್ತು ಸುಡುವರು. ಪಟ್ಟಿ ಕಟ್ಟಿದ ಮೇಲೆ ಆ ಗಿಡದ ಬಗ್ಗೆ ಯಾರೂ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ.

ಮುತ್ತಮ್ಮನಿಗೆ ಒಬ್ಬಳೇ ಮಗಳು, ಕುಸುಮಾ. ತಂದೆ ಚೌಡಯ್ಯ ಅವಳು ಐದನೇ ತರಗತಿಯಲ್ಲಿದ್ದಾಗ ಜ್ವರದಲ್ಲಿ ತೀರಿಕೊಂಡಿದ್ದ. ತೋಟದ ಆಳುಗಳಿಗೆ ಕಟ್ಟಿದ ಲೈನ್ ಮನೆಯಲ್ಲಿ ಬೆಳೆದ ಹುಡುಗಿ ಬಾಳೂರಿನ ಶಾಲೆ ಮುಗಿಸಿ, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಸೇರಿ, ಪದವಿ ಹಿಡಿದು ಹೊರಬಂದಾಗ ತೊಂಬತ್ತೆಂಟನೇ ಇಸವಿ. ಮುಂದೇನೆಂದು ಅವಳಿಗೂ ತಿಳಿದಿರಲಿಲ್ಲ. ತಿಳಿದದ್ದು ತೋಟದ ರೈಟರ್ ಏಕಾಂತಪ್ಪನವರಿಗೆ. ಆಳುಗಳ ಹಾಜರಿ ಬರೆಯುವುದು ಅವರ ಕೆಲಸವಾದರೂ ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದುವುದು ಅವರ ವ್ರತ. ಒಂದು ದಿನ ಪತ್ರಿಕೆಯ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡು ಕುಸುಮಾಳನ್ನು ಆಫೀಸಿಗೆ ಕರೆಸಿದರು.

“ಏನಮ್ಮಾ ಕುಸುಮ, ಇದನ್ನ ನೋಡಿದ್ಯಾ? ಪರಿಶಿಷ್ಟ ಜಾತಿ ಮಕ್ಕಳಿಗೆ ಹೊರದೇಶದಲ್ಲಿ ಓದಕ್ಕೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪು. ಫೀಸು, ಊಟ, ವಿಮಾನದ ಟಿಕೆಟು ಎಲ್ಲ ಅವರದ್ದೇ. ನಿನ್ನ ಹತ್ರ ಕೇಳ್ತಿರೋದು ತಲೆ ಒಂದೇ.”

“ನಂಗೆ ಕೊಡ್ತಾರಾ ಸಾರ್?”

“ಅದು ನಂಗೊತ್ತಿಲ್ಲ ಮಾರಾಯ್ತಿ. ಅರ್ಜಿ ಹಾಕದವರಿಗೆ ಕೊಡಲ್ಲ, ಅದು ಮಾತ್ರ ಗ್ಯಾರಂಟಿ.”

ಅರ್ಜಿ ಹೋಯಿತು. ದೆಹಲಿಯ ಸಂದರ್ಶನದಲ್ಲಿ ಒಬ್ಬರು ಕನ್ನಡಕದ ಮೇಲಿಂದ ನೋಡುತ್ತ, ಕಾಫಿಯೇ ಬೆಳೆಯದ ಇಂಗ್ಲೆಂಡಿಗೆ ಕಾಫಿಯ ಹುಳ ಓದಲು ಯಾಕೆ ಹೋಗಬೇಕೆಂದು ಕೇಳಿದರಂತೆ. ಗಿಡವೂ ಹುಳವೂ ನಮ್ಮಲ್ಲೇ ಇವೆ, ಆದರೆ ಮರವನ್ನು ಸೀಳದೆ ಅದರೊಳಗಿನ ಹುಳದ ಸದ್ದು ಕೇಳುವ ಯಂತ್ರ ಅಲ್ಲಿದೆ ಎಂದು ಕುಸುಮಾ ಉತ್ತರಿಸಿದಳು. ಲೈನಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿದವಳು ಹುಚ್ಚಮ್ಮ. ಮುತ್ತಮ್ಮನ ಪಕ್ಕದ ಮನೆಯವಳು, ಗ್ಯಾಂಗಿನಲ್ಲಿ ಅವಳ ಪಕ್ಕದ ಸಾಲಿನವಳು.

“ಅಲ್ಲಿ ಕಾಫಿ ತೋಟ ಐತೇನೇ ಕುಸುಮಿ?”

“ಇಲ್ಲ ದೊಡ್ಡವ್ವ.”

“ಮತ್ತೆ ಎಂಥದು ಓದಕ್ಕೆ ಹೋಗ್ತೀಯೇ? ಈಜು ಕಲಿಯಕ್ಕೆ ಗುಡ್ಡ ಹತ್ದಂಗಾಯ್ತಲ್ಲ!”

ಗುಡ್ಡ ಹತ್ತಿದ್ದಾಯಿತು. ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಕುಸುಮಾ ಇಂಗ್ಲೆಂಡಿನ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯ ಸೇರಿದಳು. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಚಳಿಗಾಲವನ್ನು, ಉಪ್ಪುಖಾರ ಎರಡೂ ಗೊತ್ತಿಲ್ಲದ ಅನ್ನವನ್ನು ದಾಟಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಣಮರದೊಳಗಿನ ಹುಳ ಕಚಕಚನೆ ಅಗಿಯುವ ಸದ್ದನ್ನು ಗಂಟೆಗಟ್ಟಲೆ ಕೇಳಿ ಎಣಿಸುವುದನ್ನು ಕಲಿತಳು. ಮಾರ್ಗದರ್ಶಕಿಯಾಗಿದ್ದ ಪ್ರಾಧ್ಯಾಪಕಿ ಮಿತಭಾಷಿ, ಆದರೆ ಸಹೃದಯಿ. ಇಬ್ಬರೂ ಕೂತು ಪ್ರಬಂಧದ ಯೋಜನೆ ಮಾಡಿದರು. ಊರಿನ ತೋಟದಲ್ಲಿ ಹುಳ ಹೊಕ್ಕ ನೂರ ಅರವತ್ತು ಗಿಡಗಳನ್ನು ಗುರುತಿಸುವುದು. ಪ್ರತಿ ಗಿಡದಲ್ಲೂ ಯಂತ್ರಕ್ಕೆ ಕೇಳಿಸಿದ್ದನ್ನು ಬರೆದುಕೊಳ್ಳುವುದು. ಆಮೇಲೆ ಕಾಂಡಕ್ಕೆ ಬಲೆ ಸುತ್ತಿ, ಏಪ್ರಿಲ್ ಮೇ ತಿಂಗಳಲ್ಲಿ ನಿಜವಾಗಿ ಎಷ್ಟು ದುಂಬಿ ಹೊರಬಂದವೆಂದು ಎಣಿಸಿ ತಾಳೆ ನೋಡುವುದು. ವಿದ್ಯಾರ್ಥಿವೇತನ ಎರಡು ವರ್ಷಕ್ಕೆ, ಒಂದು ದಿನವೂ ಹೆಚ್ಚಿಗೆ ಇಲ್ಲ. ಅಷ್ಟರೊಳಗೆ ಅವಳ ಪಾಲಿಗೆ ಸಿಗುವುದು ದುಂಬಿಗಳ ಒಂದೇ ಒಂದು ಹಾರಾಟ. ಅದು ತಪ್ಪಿದರೆ ಪ್ರಬಂಧವಿಲ್ಲ, ಪದವಿಯೂ ಇಲ್ಲ.

ಎರಡು ಸಾವಿರದ ಡಿಸೆಂಬರಿನಲ್ಲಿ ಯಂತ್ರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅವಳು ಊರಿಗೆ ಬಂದಳು. ತೋಟದ ಮಾಲೀಕ ಚನ್ನಕೇಶವ ಗೌಡರು ಹಲಸಿನ ಬ್ಲಾಕ್ ಎಂದು ಕರೆಯುವ ಒಂದು ಭಾಗವನ್ನು ಬಿಟ್ಟುಕೊಟ್ಟರು.

“ಆ ಬ್ಲಾಕಿಗೆ ಈ ಸಲ ನಾನು ಆಳು ಇಳಿಸಲ್ಲ. ಮೇಸ್ತ್ರಿ ಜವರಯ್ಯಂಗೂ ಹೇಳಿದೀನಿ,” ಎಂದರು. “ಆದ್ರೆ ಹುಳ ಪಕ್ಕದ ಬ್ಲಾಕಿಗೆ ಹಾರಿದ್ರೆ ನಿನ್ನನ್ನೇ ಹಿಡಿಯೋದು, ನೆನಪಿರ್ಲಿ.”

“ಹಾರಲ್ಲ ಗೌಡ್ರೇ. ಬಲೆ ಹಾಕ್ತೀನಿ.”

ಫೆಬ್ರವರಿಯಿಡೀ ಕುಸುಮಾ ಒಬ್ಬಳೇ ಆ ಬ್ಲಾಕಿನಲ್ಲಿ ಗಿಡದಿಂದ ಗಿಡಕ್ಕೆ ಮೊಣಕಾಲೂರಿದಳು. ಒಳಗೆ ಸದ್ದು ಕೇಳಿಸಿದ ಗಿಡಕ್ಕೆ ಇಂಗ್ಲೆಂಡಿನಿಂದ ತಂದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಅದರ ಮೇಲೆ ಸಂಖ್ಯೆ ಬರೆದಳು. ಮರದ ನೆರಳಿನಲ್ಲೂ ದೂರದಿಂದ ಎದ್ದು ಕಾಣಲೆಂದು ಪ್ರಯೋಗಾಲಯದವರು ಆ ಪಟ್ಟಿಗೆ ಆರಿಸಿದ್ದ ಬಣ್ಣ ಕೆಂಪು.

ಅವ್ವನಿಗೆ ಅವಳು ಹೇಳಿದ್ದು ಒಂದೇ ಮಾತು: “ನನ್ನ ಓದಿನ ಕೆಲಸ ಹಲಸಿನ ಬ್ಲಾಕಲ್ಲಿ ಅವ್ವ.” ಮಾರ್ಗದರ್ಶಕಿಗೆ ಮೂವತ್ತು ಪುಟ ಬರೆದು ವಿವರಿಸಿದ್ದನ್ನು ಮನೆಯಲ್ಲಿ ಹತ್ತು ವಾಕ್ಯದಲ್ಲಿ ಹೇಳಲು ಅವಳಿಗೆ ಪುರುಸೊತ್ತಾಗಲಿಲ್ಲ. ಬಲೆ ಕಟ್ಟುವ ದಿನ ಅವ್ವನನ್ನೇ ಕರೆದುಕೊಂಡು ಹೋಗಿ ತೋರಿಸಿದರಾಯಿತು ಎಂದುಕೊಂಡಿದ್ದಳು. ಮುತ್ತಮ್ಮನೂ ಕೇಳಲಿಲ್ಲ. ಅಷ್ಟು ಓದಿದ ಮಗಳನ್ನು ಏನೆಂದು ಕೇಳುವುದು?

ಆದರೆ ದಿನಾ ಕೆಲಸಕ್ಕೆ ಹೋಗುವ ದಾರಿ ಹಲಸಿನ ಬ್ಲಾಕಿನ ಬದಿಯಲ್ಲೇ ಇತ್ತು. ಮುತ್ತಮ್ಮ ನೋಡುತ್ತಿದ್ದಳು. ಮಗಳು ಹುಳದ ಗಿಡ ಹುಡುಕಿ ಪಟ್ಟಿ ಕಟ್ಟುತ್ತಿದ್ದಾಳೆ. ಅದೂ ಒಂದೂ ತಪ್ಪಿಲ್ಲದೆ. ಎದೆಯುಬ್ಬಿ ಬಂತು. ಒಂದು ವಾರವಾಯಿತು, ಎರಡಾಯಿತು, ಮೂರಾಯಿತು. ಕಟ್ಟಿದ ಪಟ್ಟಿ ಕಟ್ಟಿದಂತೆಯೇ ಇದೆ, ಕೀಳಲು ಒಬ್ಬ ಗಂಡಾಳೂ ಬರಲಿಲ್ಲ. ಹಾರಾಟದ ಕಾಲ ಹತ್ತಿರವಾಗುತ್ತಿದೆ. ಗೌಡರು ಆಳು ಕೊಡುತ್ತಿಲ್ಲ, ಬಾಯಿ ಬಿಟ್ಟು ಕೇಳಲು ಮಗಳಿಗೆ ಸಂಕೋಚ. ಮುತ್ತಮ್ಮನಿಗೆ ತೋಚಿದ್ದು ಇಷ್ಟು.

ಮಾರ್ಚಿ ಮೊದಲ ವಾರ ಕುಸುಮಾ ಬಲೆ ಬಟ್ಟೆ ತರಲು, ಮಳೆಯ ಅಂಕಿಅಂಶ ಬರೆದುಕೊಳ್ಳಲು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಮೂರು ದಿನ ಅಲ್ಲೇ ಉಳಿದಳು. ಸೋಮವಾರ ಬೆಳಿಗ್ಗೆ ಬಸ್ಸಿಳಿದವಳು ಮನೆಗೂ ಹೋಗದೆ, ಬಲೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ನೇರವಾಗಿ ಬ್ಲಾಕಿಗೆ ನಡೆದಳು.

ಮೊದಲು ಕಂಡದ್ದು ಬೆಳಕು. ಎಂದೂ ಬಿಸಿಲು ಬೀಳದ ಕಡೆ ಬಿಸಿಲು ಬಿದ್ದಿತ್ತು. ಆಮೇಲೆ ಗುಂಡಿಗಳು ಕಂಡವು. ಸಾಲಿನಲ್ಲಿ ಎರಡು, ಆಚೆ ಒಂದು, ಅದರಾಚೆ ಐದು. ಬ್ಲಾಕಿನ ತುದಿಯಲ್ಲಿ ಬೂದಿಯ ದೊಡ್ಡ ವೃತ್ತ, ಮಧ್ಯೆ ಇನ್ನೂ ಬಿಸಿ ಆರದ ಬುಡಗಳು. ಅವಳು ಎಣಿಸಲು ಹೋಗಲಿಲ್ಲ. ನೋಡುತ್ತಲೇ ತಿಳಿಯಿತು, ಕೆಲಸ ಮಾಡಿದವರು ಒಂದನ್ನೂ ಬಿಟ್ಟಿರಲಿಲ್ಲ.

ಮುತ್ತಮ್ಮ ಮತ್ತು ಹುಚ್ಚಮ್ಮ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಲ್ಲಿಗೆ ಬಂದರು. ಮುತ್ತಮ್ಮನ ಕೈಯಲ್ಲಿ ಕೆಂಪು ಪಟ್ಟಿಗಳ ಒಂದು ಕಂತೆ. ಮಣ್ಣು ಹೋಗುವಂತೆ ತೊಳೆದು, ಒಣಗಿಸಿ, ಬಾಳೆನಾರಿನಲ್ಲಿ ಕಟ್ಟಿದ್ದಳು. ಮುಖದಲ್ಲಿ ಬಚ್ಚಿಡಲಾಗದ ಸಂಭ್ರಮ.

“ಪರದೇಶದ ಪಟ್ಟಿ, ಕಳ್ದು ಹೋದಾತು ಅಂತ ಬಿಚ್ಚಿ ಇಟ್ಟಿದೀನಿ ಮಗಾ. ಎಲ್ಲ ಅದಾವೆ.”

“ನಿನ್ನೆ ಭಾನುವಾರ ಅಲ್ದಾ,” ಎಂದಳು ಹುಚ್ಚಮ್ಮ. “ಮೇಸ್ತ್ರಿಗೂ ಹೇಳ್ದೆ ಹನ್ನೆರಡು ಜನ ಇಳಿದ್ವಿ. ಗಂಡಸರಿಲ್ದೆ ಬುಡ ಕಿತ್ತಿದ್ದು ನನ್ನ ಜನ್ಮದಲ್ಲೇ ಮೊದಲು. ಸೊಂಟ ಮುರ್ಕಂಡೀವಿ, ಒಂದು ಕಾಫಿನಾದ್ರೂ ಕುಡಿಸ್ತೀಯೋ ಇಲ್ವೋ?”

ಕುಸುಮಾಳಿಗೆ ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿಸಿತು. “ಯಾರು ಹೇಳಿದ್ರು ನಿಮಗೆ ಕೀಳಕ್ಕೆ? ಯಾರು ಕೇಳಿದ್ರು? ನನ್ನ ಎರಡು ವರ್ಷ ಸುಟ್ಟು ಹಾಕಿದ್ರಲ್ಲ!”

ಹುಚ್ಚಮ್ಮನ ನಗು ಅರ್ಧಕ್ಕೆ ನಿಂತಿತು. ಮುತ್ತಮ್ಮ ಮಗಳ ಮುಖವನ್ನೂ ಬೂದಿಯನ್ನೂ ಒಮ್ಮೆ ನೋಡಿದಳು. ಏನು ತಪ್ಪಾಯಿತೆಂದು ಅವಳಿಗೆ ಅರ್ಥವಾಗಲಿಲ್ಲ. ತಪ್ಪಾಗಿದೆ ಎಂಬುದು ಮಾತ್ರ ಅರ್ಥವಾಯಿತು. ಕಂತೆಯನ್ನು ಹಿಡಿದಿದ್ದ ಕೈಯನ್ನು ಮೆಲ್ಲನೆ ಸೆರಗಿನೊಳಗೆ ತೆಗೆದುಕೊಂಡಳು.

“ಪಟ್ಟಿ ಇತ್ತಲ್ಲ ಮಗಾ,” ಎಂದಳು.

ಅಷ್ಟೇ ಹೇಳಿ ಕೆಲಸಕ್ಕೆ ಹೊರಟುಹೋದಳು. ಕುಸುಮಾ ಖಾಲಿ ಗುಂಡಿಗಳ ಕಡೆ ತಿರುಗಿದಳು. ಹೌದು, ಪಟ್ಟಿ ಇತ್ತು. ನಡೆಯಲು ಕಲಿತಾಗಿನಿಂದ ಅವಳು ನೋಡಿದ ತೋಟದಲ್ಲಿ ಕೆಂಪು ಪಟ್ಟಿಗೆ ಇದ್ದದ್ದು ಒಂದೇ ಅರ್ಥ. ಅದನ್ನು ಮರೆಯಲು ಅವಳಿಗೆ ಹದಿನೈದು ತಿಂಗಳು ಸಾಕಾಗಿತ್ತು. ಅವ್ವ ಮರೆತಿರಲಿಲ್ಲ.

ಮಧ್ಯಾಹ್ನ ಅವಳು ತೋಟದ ಆಫೀಸಿನಲ್ಲಿ ಕೂತು ಮಾರ್ಗದರ್ಶಕಿಗೆ ಪತ್ರ ಬರೆದಳು. ಪ್ರಯೋಗ ಕೈತಪ್ಪಿದೆ, ಪದವಿಯಿಂದ ಹಿಂದೆ ಸರಿಯಲು ಅನುಮತಿ ಬೇಕು ಎಂದು ನಾಲ್ಕು ಸಾಲು. ಏಕಾಂತಪ್ಪನವರು ಕಾಗದವನ್ನು ಇಸಿದುಕೊಂಡು, ಓದಿ, ಮಡಿಸಿ ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

“ಇವತ್ತಿನ ಟಪಾಲು ಹೋಗಾಯ್ತು.”

“ಟಪಾಲು ಹೋಗೋದು ನಾಲ್ಕು ಗಂಟೆಗೆ ಸಾರ್. ಈಗಿನ್ನೂ ಎರಡೂವರೆ.”

“ನನ್ನ ಆಫೀಸಿನ ಟಪಾಲು ಎಷ್ಟೊತ್ತಿಗೆ ಹೋಗುತ್ತೆ ಅಂತ ನಂಗೆ ಗೊತ್ತಿರಲ್ವಾ?” ಅವರು ಕನ್ನಡಕ ತೆಗೆದು ಒರೆಸಿದರು. “ಸರ್ಕಾರ ದುಡ್ಡು ಕೊಟ್ಟು ಕಳಿಸಿದ್ದು ಒಂದು ಬ್ಲಾಕಿಗಲ್ಲಮ್ಮಾ. ನಿಮ್ಮವ್ವ ಊಟದ ಡಬ್ಬಿ ಬಿಚ್ಚಿಲ್ವಂತೆ. ಮೊದಲು ಅಲ್ಲಿಗೆ ಹೋಗು.”

ಗ್ಯಾಂಗು ಕೆಳಗಿನ ಹಳ್ಳದ ಬದಿಯ ಬ್ಲಾಕಿನಲ್ಲಿತ್ತು. ಮುತ್ತಮ್ಮ ಎಂದಿನಂತೆ ಸಾಲು ಹಿಡಿದಿದ್ದಳು, ಆದರೆ ಯಾವ ಮದುವೆಯ ಸುದ್ದಿಯೂ ಇರಲಿಲ್ಲ. ಕುಸುಮಾ ಪಕ್ಕದ ಸಾಲಿಗೆ ಇಳಿದು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಎಂದೋ ಹೇಳಬೇಕಾಗಿದ್ದ ಹತ್ತು ವಾಕ್ಯಗಳನ್ನು ಹೇಳಿದಳು. ಯಂತ್ರ ಏನು ಕೇಳುತ್ತದೆ, ಬಲೆ ಯಾಕೆ, ಎಣಿಸುವುದು ಯಾಕೆ. ತಪ್ಪು ತನ್ನದೇ ಎಂದೂ ಹೇಳಿದಳು. ಮುತ್ತಮ್ಮನ ಕೈ ಒಂದು ಗಿಡದ ಮೇಲೆ ನಿಂತಿತು.

“ಅಂದ್ರೆ ಹುಳ ಸಾಯ್ಬಾರ್ದು?”

“ಸಾಯ್ಬಾರ್ದು ಅವ್ವ.”

“ಒಳಗೇ ಬೆಳ್ದು, ತಾನಾಗೇ ಹೊರಗೆ ಬರ್ಬೇಕು?”

“ಹೂಂ. ಬಲೆಯೊಳಗೆ. ಏಪ್ರಿಲಲ್ಲಿ.”

“ಇನ್ನೂ ಐದು ವಾರ ಐತೆ,” ಎಂದಳು ಮುತ್ತಮ್ಮ, ತನ್ನಷ್ಟಕ್ಕೇ.

ಆಚೆ ಸಾಲಿನಿಂದ ಹುಚ್ಚಮ್ಮ ಕತ್ತು ಹೊರಹಾಕಿದಳು. “ಮೂವತ್ತು ವರ್ಷ ಸಾಯಿಸಿದ್ದಾಯ್ತು, ಇನ್ನು ಬಾಣಂತನ ಮಾಡನ ಬಾರೇ ಮುತ್ತಿ!”

ಗ್ಯಾಂಗು ಗೊಳ್ಳೆಂದು ನಕ್ಕಿತು. ಮುತ್ತಮ್ಮ ನಗಲಿಲ್ಲ. ಅವಳು ಆಗಲೇ ಯೋಚಿಸತೊಡಗಿದ್ದಳು.

ಗೌಡರು ಇನ್ನೊಂದು ಬ್ಲಾಕು ಕೊಡುವ ಮಾತಿರಲಿಲ್ಲ. ಆದರೆ ಆ ವರ್ಷ ಕಾಫಿಯ ಧಾರಣೆ ನೆಲಕಚ್ಚಿ, ಒಂದೆರಡು ಎಕರೆಯ ಸಣ್ಣ ಹಿಡುವಳಿದಾರರು ಬೋರರ್ ತೆಗೆಸುವುದನ್ನೇ ಕೈಬಿಟ್ಟಿದ್ದರು. ಯಾರ ಜಾಗದಲ್ಲಿ ಹುಳ ಹಾಗೇ ಉಳಿದಿದೆ ಎಂಬುದು ಗ್ಯಾಂಗಿನ ಹೆಂಗಸರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಮುತ್ತಮ್ಮ ಸೆರಗು ಬಿಗಿದು ಮೊದಲು ಹೋದದ್ದು ಗುಡ್ಡದ ಮೇಲಿನ ರಂಗಮ್ಮನ ಅಂಗಳಕ್ಕೆ. ವಿಧವೆ, ಎರಡೆಕರೆ ತೋಟ, ಮಾತು ಸ್ವಲ್ಪ ಒರಟು.

“ನನ್ನ ಗಿಡದಲ್ಲಿ ಹುಳ ಸಾಕ್ತೀರಾ? ತಲೆ ನೆಟ್ಟಗಿದ್ಯಾ ನಿಮ್ದು?”

“ಅಮ್ಮಾರೇ, ಹುಳ ಸಾಕಿರೋದು ನೀವೇ, ನಾವಲ್ಲ,” ಎಂದಳು ಮುತ್ತಮ್ಮ ಮೆಲ್ಲಗೆ. “ನಾವು ಬಲೆ ಹಾಕ್ತೀವಿ, ಒಂದೂ ಆಚೆ ಹೋಗಲ್ಲ. ಹಾರಾಟ ಮುಗಿದ ಮೇಲೆ ಹುಳದ ಗಿಡ ಎಲ್ಲ ನಾವೇ ಕಿತ್ತು ಸುಟ್ಟು ಕೊಡ್ತೀವಿ. ಮುಯ್ಯಾಳು ಅಂದ್ಕಳಿ.”

ಮುಯ್ಯಾಳು ಎಂದರೆ ಕೂಲಿಯಿಲ್ಲ, ಕೆಲಸಕ್ಕೆ ಕೆಲಸ. ಆ ಒಪ್ಪಂದಕ್ಕೆ ಇಲ್ಲವೆನ್ನುವುದು ಆ ಸೀಮೆಯಲ್ಲಿ ಕಷ್ಟ. ರಂಗಮ್ಮ ಒಪ್ಪಿದಳು, ಅವಳನ್ನು ನೋಡಿ ಇನ್ನು ಮೂವರು ಒಪ್ಪಿದರು.

ಸಂಜೆ ಕೆಲಸ ಬಿಟ್ಟ ಮೇಲೆ ಬೆಳಕಿರುವಷ್ಟು ಹೊತ್ತು, ಭಾನುವಾರ ಇಡೀ ದಿನ, ಹನ್ನೆರಡು ಹೆಂಗಸರು ಆ ಜಾಗಗಳಲ್ಲಿ ಕೈಯಾಡಿಸಿದರು. ಎರಡು ವಾರದಲ್ಲಿ ಸಿಕ್ಕಿದ್ದು ನೂರ ಹನ್ನೆರಡು ಗಿಡ. ಆದರೆ ಹೊಸ ತೊಡಕೊಂದು ತಲೆಹಾಕಿತು. ಮಾರ್ಚಿ ಕೊನೆಯ ಹೊತ್ತಿಗೆ ಬಲಿತ ಹುಳ ಅಗಿಯುವುದನ್ನು ಬಿಟ್ಟು ಕಾಂಡದೊಳಗೆ ಗೂಡು ಮಾಡಿಕೊಂಡು ಸುಮ್ಮನಾಗುತ್ತದೆ. ಸದ್ದಿಲ್ಲದ ಮೇಲೆ ಯಂತ್ರಕ್ಕೆ ಕೇಳಿಸುವುದೇನು? ಮುತ್ತಮ್ಮ ಹುಳವಿದೆ ಎಂದ ಎಷ್ಟೋ ಗಿಡಗಳಲ್ಲಿ ಹೆಡ್‌ಫೋನು ಮೌನವಾಗಿತ್ತು.

“ಇದರಲ್ಲಿ ಏನೂ ಇಲ್ಲ ಅಂತದೆ ಅವ್ವ.”

“ನಿನ್ನ ಮಿಷನ್‌ಗೆ ನಿದ್ದೆ ಬಂದಿರ್ಬೇಕು. ಮೂರು ಐತೆ. ಎರಡು ದೊಡ್ಡವು, ಒಂದು ಸಣ್ಣದು.”

ಕುಸುಮಾ ಅವ್ವನ ಮುಖ ನೋಡಿದಳು. ಆಮೇಲೆ ಪುಸ್ತಕ ತೆರೆದು, ಯಂತ್ರ ಹೇಳಿದ್ದನ್ನು ಬರೆಯುವ ಕಲಂನ ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದಳು. ಆ ದಿನದಿಂದ ಪ್ರತಿ ಗಿಡಕ್ಕೂ ಎರಡೆರಡು ಸಂಖ್ಯೆ. ಒಂದು ಯಂತ್ರದ್ದು, ಇನ್ನೊಂದು ಮುತ್ತಮ್ಮನ ಕೈಯದು. ಮಾರ್ಗದರ್ಶಕಿಗೆ ಬೇರೆಯೇ ಪತ್ರ ಹೋಯಿತು, ನಡೆದದ್ದನ್ನೆಲ್ಲ ಬರೆದು. ಏಕಾಂತಪ್ಪನವರೇ ಅಂಚೆಚೀಟಿ ಅಂಟಿಸಿದರು. ಗಿಡ ಕಡಿಮೆಯಾದರೂ ಯಂತ್ರವೋ ಕೈಯೋ ಎಂಬ ಪ್ರಶ್ನೆ ಮೊದಲಿಗಿಂತ ಚೆನ್ನಾಗಿದೆ, ಮುಂದುವರಿಸು ಎಂದು ಉತ್ತರ ಬಂತು. ಆದರೂ ಬಲೆಯೊಳಗೆ ದುಂಬಿ ಬೀಳುವವರೆಗೆ ಅದೆಲ್ಲ ಬರೀ ಬರಹ. ಕೈ ಹೇಳಿದ್ದು ಸುಳ್ಳಾದರೆ ಇನ್ನೊಂದು ಹಾರಾಟಕ್ಕೆ ಕಾಯುವ ಅವಕಾಶ ಅವಳಿಗಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಎರಡು ಒಳ್ಳೆಯ ಮಳೆ ಬಿದ್ದು, ಆಮೇಲೆ ಬಿಸಿಲು ಚುರುಗುಟ್ಟತೊಡಗಿತು. ನೂರ ಹನ್ನೆರಡು ಕಾಂಡಗಳು ಬಿಳಿ ಬಲೆಯ ಲಂಗ ತೊಟ್ಟು ನಿಂತಿದ್ದವು. ಒಂದು ವಾರ ಏನೂ ಆಗಲಿಲ್ಲ. ಕುಸುಮಾ ಊಟ ಬಿಟ್ಟಳು, ಸಿಡುಕಿದಳು, ಬಲೆಗಳನ್ನು ದಿನಕ್ಕೆ ನಾಲ್ಕು ಬಾರಿ ನೋಡಿ ಬಂದಳು. ಮುತ್ತಮ್ಮ ಅವಳ ಹಿಂದೆ ಅನ್ನದ ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿದ್ದಳು.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ರಂಗಮ್ಮನ ತೋಟದಲ್ಲಿ, ಯಂತ್ರ ಸೊನ್ನೆ ಎಂದೂ ಮುತ್ತಮ್ಮ ಮೂರು ಎಂದೂ ಹೇಳಿದ್ದ ಗಿಡದ ಮುಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತಿದ್ದರು. ತೊಗಟೆಯ ಮೇಲೆ ಸೂಜಿಮೊನೆಯಷ್ಟು ಪುಡಿ ಉದುರಿತು. ಒಂದು ಚುಕ್ಕಿ ಕಪ್ಪಾಯಿತು, ಅಗಲವಾಯಿತು. ಅದರಿಂದ ಎರಡು ಮೀಸೆ ಹೊರಬಂದು ಗಾಳಿಯನ್ನು ತಡವಿದವು. ಬಹಳ ಹೊತ್ತಿನ ಮೇಲೆ ತಲೆ, ಕಾಲು, ಮೈ. ಕಪ್ಪು ಬೆನ್ನ ಮೇಲೆ ಬಿಳಿ ಗೆರೆಗಳಿದ್ದ ಸಪೂರ ದುಂಬಿಯೊಂದು ತಾನೇ ಕೊರೆದ ಬಾಗಿಲಿನಿಂದ ಹೊರಗೆ ಬಂದು, ಬಲೆಯನ್ನು ಹತ್ತಿ ಬಿಸಿಲಿಗೆ ನಿಂತಿತು.

ಕುಸುಮಾ ಸಮಯ ಬರೆದುಕೊಂಡಳು. ಆ ಗಿಡದಿಂದ ಮೇ ತಿಂಗಳೊಳಗೆ ಮೂರು ದುಂಬಿ ಬರಲಿದ್ದವು. ಉಳಿದ ಗಿಡಗಳಲ್ಲೂ ಯಂತ್ರಕ್ಕಿಂತ ಕೈಯ ಮಾತೇ ಹೆಚ್ಚು ಸಲ ನಿಜವಾಗಲಿತ್ತು. ಆ ಎರಡು ಕಲಂಗಳ ವ್ಯತ್ಯಾಸವನ್ನೇ ವಿವರಿಸಿ ಸೆಪ್ಟೆಂಬರಿನಲ್ಲಿ ಅವಳು ಒಪ್ಪಿಸಲಿದ್ದ ಪ್ರಬಂಧಕ್ಕೆ ಪದವಿ ದೊರೆಯಲಿತ್ತು. ಅದೊಂದೂ ಆಗ ಗೊತ್ತಿರಲಿಲ್ಲ. ಅವಳು ಅವ್ವನ ಕಡೆ ತಿರುಗಿದಳು.

ಮುತ್ತಮ್ಮ ಬಾಯಿ ಅರೆತೆರೆದು ನೋಡುತ್ತಿದ್ದಳು. ಸೀಳಿದ ಕಾಂಡದಲ್ಲಿ ಬಿಳಿ ಹುಳವನ್ನು ಅವಳು ಸಾವಿರ ಸಲ ಕಂಡಿದ್ದಳು. ಅದು ಬೆಳೆದು, ತಾನಾಗಿ ಬಾಗಿಲು ತೆಗೆದು ಬರುವವರೆಗೆ ಕಾದವಳಲ್ಲ.

“ಇದಾ?”

“ಇದೇ ಅವ್ವ.”

“ಇಷ್ಟೇ ಇಷ್ಟು. ಒಳ್ಳೆ ಅಂಚು ಹಾಕಿದ ಸೀರೆ ಉಟ್ಕಂಡಂಗೆ ಐತಲ್ಲೇ.”

ಕೆಳಗಿನ ಸಾಲಿನಿಂದ ಹುಚ್ಚಮ್ಮನ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು. “ಹೆರಿಗೆ ಆಯ್ತೇನೇ ಮುತ್ತಿ? ಗಂಡೋ ಹೆಣ್ಣೋ?”

ಮುತ್ತಮ್ಮ ತಿರುಗದೆಯೇ ಬೆನ್ನ ಹಿಂದೆ ಕೈಯಾಡಿಸಿ ಅವಳನ್ನು ಸುಮ್ಮನಾಗಿಸಿದಳು.

“ಕೂಗ್ಬ್ಯಾಡ್ವೇ,” ಎಂದಳು ಪಿಸುದನಿಯಲ್ಲಿ. “ಹೆದರ್ಕಂಡಾತು.”